ಮೈಯೆಲ್ಲ ನೋವು: ಅರ್ಧಬಲದ ನಿಯಮ

ನೋವಿನಲ್ಲಿ ಎರಡು ಬಗೆಯುಂಟು. ನೋಡಿದವರ ಕನಿಕರವನ್ನು ಪಡೆಯುವ ನೋವು ಒಂದು. ನೋಡಿದವರ ಸಂಶಯವನ್ನು ಪಡೆಯುವ ನೋವು ಮತ್ತೊಂದು. ಕಾಲು ಮುರಿದು ಕಟ್ಟು ಹಾಕಿಸಿಕೊಂಡವನ ಮಂಚದ ಬಳಿಗೆ ಊರೇ ಬಂದು ಕುಶಲ ವಿಚಾರಿಸುತ್ತದೆ. ಹೊರಗೆ ಗಾಯವಿಲ್ಲ, ಊತವಿಲ್ಲ, ಜ್ವರವಿಲ್ಲ, ರಕ್ತಪರೀಕ್ಷೆಯಲ್ಲಿ ದೋಷವಿಲ್ಲ; ಆದರೂ ಕುತ್ತಿಗೆಯಿಂದ ಅಂಗಾಲಿನವರೆಗೆ ನೋಯುತ್ತದೆ ಎಂದು ಹೇಳುವವಳ ಬಳಿಗೆ ಯಾರೂ ಬರುವುದಿಲ್ಲ. ಬಂದರೂ, ಎದ್ದು ನಾಲ್ಕು ಕೆಲಸ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂಬ ಬುದ್ಧಿವಾದವನ್ನು ಹೇಳಿ ಹೋಗುತ್ತಾರೆ. ಈ ಎರಡನೆಯ ಬಗೆಯ ನೋವಿನ ವಿಷಯವಾಗಿ ಈ ತಿಂಗಳು ಕೆಲವು ಮಾತುಗಳನ್ನು ವಾಚಕರ ಮುಂದಿಡಬೇಕೆಂದಿದ್ದೇನೆ.

ಇದರ ಲಕ್ಷಣಗಳನ್ನು ಮೊದಲು ಹೇಳುವೆನು. ಮೂರು ತಿಂಗಳಿಗೂ ಮೀರಿ ಶರೀರದ ಎಡಬಲ ಪಾರ್ಶ್ವಗಳಲ್ಲಿ, ಸೊಂಟದ ಮೇಲೂ ಕೆಳಗೂ ವ್ಯಾಪಿಸಿರುವ ನೋವು. ರಾತ್ರಿಯೆಲ್ಲ ಮಲಗಿದ್ದರೂ ಮಲಗಲೇ ಇಲ್ಲವೆಂಬಂತೆ ಬೆಳಗ್ಗೆ ಏಳುವ ಆಯಾಸ. ಇಟ್ಟ ವಸ್ತು ಎಲ್ಲೆಂದು ನೆನಪಾಗದ, ಹೇಳಹೊರಟ ಮಾತು ನಾಲಗೆಗೆ ಬಾರದ ಮಂಕು. ಇವುಗಳೊಡನೆ ಅನೇಕರಿಗೆ ತಲೆನೋವು, ಹೊಟ್ಟೆಯ ತೊಂದರೆ, ಮನಸ್ಸಿನ ಖಿನ್ನತೆ ಇವೂ ಇರುವುದುಂಟು. ಇದಕ್ಕೆ ಇಂದಿನ ವೈದ್ಯರು ಇಟ್ಟಿರುವ ಹೆಸರು ಫೈಬ್ರೋಮಯಾಲ್ಜಿಯ. ನೂರು ಜನರಲ್ಲಿ ಸುಮಾರು ಇಬ್ಬರಿಂದ ನಾಲ್ವರವರೆಗೆ ಇದು ಇರಬಹುದೆಂಬುದು ಸಾಮಾನ್ಯವಾದ ಗಣನೆ. ಗಂಡಸರಿಗೂ ಬರುತ್ತದೆ, ಹೆಂಗಸರಲ್ಲಿ ಹೆಚ್ಚು.

ಹೆಸರಿನ ವಿಷಯದಲ್ಲಿ ಒಂದು ಮಾತು. ಲ್ಯಾಟಿನ್ನಿನಲ್ಲಿ ‘ಫೈಬ್ರ’ ಎಂದರೆ ತಂತು. ಗ್ರೀಕಿನಲ್ಲಿ ‘ಮಿಸ್’ ಎಂದರೆ ಮಾಂಸಖಂಡ, ‘ಆಲ್ಗೊಸ್’ ಎಂದರೆ ನೋವು. ನಮ್ಮ ಮಾತಿನಲ್ಲಿ ಮಾಂಸತಂತುಶೂಲ ಎನ್ನಬಹುದು. 1904ರಲ್ಲಿ ಇಂಗ್ಲೆಂಡಿನ ವೈದ್ಯ ಸರ್ ವಿಲಿಯಂ ಗೋವರ್ಸ್ ಇದನ್ನು ತಂತುಗಳ ಉರಿಯೂತವೆಂದು ಬಗೆದು ‘ಫೈಬ್ರೋಸೈಟಿಸ್’ ಎಂದು ಕರೆದನು. ಉರಿಯೂತವು ಅಲ್ಲಿ ಸಿಕ್ಕದೆಹೋದುದರಿಂದ 1976ರಲ್ಲಿ ಈಗಿನ ಹೆಸರು ರೂಢಿಗೆ ಬಂದಿತು. 1990ರಲ್ಲಿ ಅಮೆರಿಕದ ಸಂಧಿರೋಗತಜ್ಞರ ಸಂಸ್ಥೆಯು ಮೈಮೇಲೆ 18 ಸ್ಥಾನಗಳನ್ನು ಗುರುತಿಸಿ, ಅವುಗಳಲ್ಲಿ 11ನ್ನು ಒತ್ತಿದಾಗ ನೋಯಬೇಕೆಂಬ ನಿಯಮವನ್ನು ಮಾಡಿತು. 2010ರಲ್ಲಿ ಆ ನಿಯಮವನ್ನು ಬದಲಿಸಿ, ನೋವು ಎಷ್ಟು ಕಡೆ ಹರಡಿದೆ, ನಿದ್ರೆ ಹೇಗಿದೆ, ಆಯಾಸವೆಷ್ಟು, ಬುದ್ಧಿಯ ಚುರುಕು ಹೇಗಿದೆ ಎಂಬುದನ್ನು ಕೇಳಿ ತಿಳಿಯುವ ಕ್ರಮವನ್ನು ತಂದರು. ಅಂದರೆ, ರೋಗಿಯ ಮಾತನ್ನು ಕೇಳುವುದೇ ಇಲ್ಲಿ ಮುಖ್ಯವಾದ ಪರೀಕ್ಷೆಯಾಯಿತು.

ನಮ್ಮ ಪ್ರಾಚೀನರೂ ಇಂತಹ ನೋವನ್ನು ಕಾಣದವರಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದ 28ನೆಯ ಅಧ್ಯಾಯವು ವಾತವ್ಯಾಧಿಗಳನ್ನು ಕುರಿತದ್ದು. ವಾಯುವು ಮಾಂಸಮೇದಸ್ಸುಗಳಲ್ಲಿ ಸೇರಿದಾಗ ಅಂಗಗಳು ಭಾರವಾಗಿ, ದೊಣ್ಣೆಯಿಂದಲೂ ಮುಷ್ಟಿಯಿಂದಲೂ ಹೊಡೆಸಿಕೊಂಡವನಂತೆ ನೋವೂ ಬಹಳ ಬಳಲಿಕೆಯೂ ಆಗುವುವೆಂದು ಅಲ್ಲಿ ಹೇಳಿದೆ. ಫೈಬ್ರೋಮಯಾಲ್ಜಿಯವೇ ಅದು ಎಂದು ಸಾಧಿಸುವುದು ನನ್ನ ಉದ್ದೇಶವಲ್ಲ. ಗಾಯವಿಲ್ಲದೆಯೂ ಹೊಡೆಸಿಕೊಂಡಂತೆ ನೋಯುವ ಶರೀರವುಂಟೆಂಬುದನ್ನು ನಮ್ಮವರು ನಂಬಿದ್ದರು ಎಂಬುದಷ್ಟೇ ಇಲ್ಲಿ ಗ್ರಹಿಸತಕ್ಕ ಅಂಶ.

ಹಾಗಾದರೆ ಗಾಯವಿಲ್ಲದ ಕಡೆ ನೋವು ಎಲ್ಲಿಂದ ಬರುತ್ತದೆ? ನಮ್ಮ ಚಾಮರಾಜನಗರ ಸೀಮೆಯವರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಕಾಡಂಚಿನ ಹೊಲಗಳಲ್ಲಿ ರಾತ್ರಿ ಅಟ್ಟಣೆಯ ಮೇಲೆ ಕುಳಿತು ಆನೆ ಕಾಯುವವರನ್ನು ನಾವೆಲ್ಲ ಬಲ್ಲೆವು. ಒಮ್ಮೆ ಆನೆಯ ಹಿಂಡು ನುಗ್ಗಿ ಪೈರನ್ನೆಲ್ಲ ತುಳಿದುಹೋದ ಮೇಲೆ ಕಾವಲಿನವನ ಎದೆಯಲ್ಲಿ ಭಯವು ನೆಲೆಸುತ್ತದೆ. ಅಂದಿನಿಂದ ಎಲೆ ಅಲುಗಿದರೂ ತಗಡಿನ ಡಬ್ಬವನ್ನು ಬಡಿಯುತ್ತಾನೆ; ನರಿ ಓಡಿದರೂ ಪಂಜು ಹೊತ್ತಿಸಿ ಕೂಗುತ್ತಾನೆ. ಆನೆ ಇಲ್ಲ, ನಿಜ. ಆದರೆ ಡಬ್ಬದ ಸದ್ದು ಸುಳ್ಳಲ್ಲ, ಊರಿನವರ ನಿದ್ರೆ ಕೆಟ್ಟದ್ದೂ ಸುಳ್ಳಲ್ಲ. ಫೈಬ್ರೋಮಯಾಲ್ಜಿಯದಲ್ಲಿ ಆಗುವುದು ಬಹುಮಟ್ಟಿಗೆ ಹೀಗೆಯೇ. ನೋವಿನ ಸುದ್ದಿಯನ್ನು ಹೊರುವ ನರಗಳೂ ಬೆನ್ನುಹುರಿಯೂ ಮಿದುಳೂ ಅತಿಯಾಗಿ ಎಚ್ಚೆತ್ತು, ಅಲ್ಪವಾದ ಒತ್ತಡವನ್ನೂ ಚಳಿಯನ್ನೂ ಶ್ರಮವನ್ನೂ ದೊಡ್ಡ ಅಪಾಯವೆಂದು ಸಾರುತ್ತವೆ. ದೊಡ್ಡ ಕಾಯಿಲೆ, ಅಪಘಾತ, ಬಹುಕಾಲದ ದುಃಖ, ನಿದ್ರೆಗೇಡು, ಇವುಗಳ ತರುವಾಯ ಕೆಲವರಲ್ಲಿ ಇದು ತೊಡಗುತ್ತದೆ. ಕೆಲವರಲ್ಲಿ ಕಾರಣವೇ ಕಾಣದೆ ತೊಡಗುತ್ತದೆ. ಕೆಲವು ಕುಟುಂಬಗಳಲ್ಲಿ ವಂಶಾನುಗತವಾಗಿಯೂ ಬರುತ್ತದೆ. ಬೆದರಿದ ಕಾವಲಿನವನನ್ನು ಗದರಿಸಿದರೆ ಅವನ ಭಯವು ಹೆಚ್ಚುವುದೇ ಹೊರತು ತಗ್ಗುವುದಿಲ್ಲ. ಅವನಿಗೆ ನಿದ್ರೆ ಕೊಡಬೇಕು, ಜೊತೆ ಕೊಡಬೇಕು, ಸ್ವಲ್ಪಸ್ವಲ್ಪವಾಗಿ ಧೈರ್ಯ ಕೊಡಬೇಕು. ಮುಂದೆ ಹೇಳುವ ಉಪಾಯಗಳೆಲ್ಲವೂ ಈ ಮೂರರ ವಿಸ್ತಾರವೇ.

ಮೊದಲು ವೈದ್ಯಪರೀಕ್ಷೆ.— ಮೈಯೆಲ್ಲ ನೋಯುವುದೆಲ್ಲ ಫೈಬ್ರೋಮಯಾಲ್ಜಿಯವಲ್ಲ. ರಕ್ತಹೀನತೆ, ಥೈರಾಯ್ಡ್ ಗ್ರಂಥಿಯ ಮಾಂದ್ಯ, ವಿಟಮಿನ್ ಡಿ ಕೊರತೆಯಿಂದ ಮೂಳೆ ಮೃದುವಾಗುವಿಕೆ, ಸಂಧಿವಾತ, ಮಧುಮೇಹ, ಕೊಬ್ಬಿಳಿಸುವ ಕೆಲವು ಮಾತ್ರೆಗಳು, ಇವೆಲ್ಲ ಇಂಥದೇ ನೋವನ್ನು ತರಬಲ್ಲವು. 2006ರಲ್ಲಿ ಚಿಕೂನ್‌ಗುನ್ಯ ಜ್ವರವು ಕರ್ನಾಟಕದಲ್ಲಿ ಹರಡಿದಾಗ ಜ್ವರ ಬಿಟ್ಟ ಮೇಲೂ ತಿಂಗಳುಗಟ್ಟಲೆ ಕೀಲು ಹಿಡಿದು ನರಳಿದವರನ್ನು ಅನೇಕ ವಾಚಕರು ಕಂಡಿರಬಹುದು. ಇವುಗಳಿಗೆ ಬೇರೆ ಬೇರೆ ಚಿಕಿತ್ಸೆಗಳಿರುವುದರಿಂದ, ಒಬ್ಬ ವೈದ್ಯನು ಕೂಲಂಕಷವಾಗಿ ನೋಡಿ ರಕ್ತಪರೀಕ್ಷೆ ಮಾಡಿಸಿ ನಿರ್ಣಯಿಸಿದ ಹೊರತು ಮನೆಮದ್ದಿಗೆ ಕೈಹಾಕತಕ್ಕದ್ದಲ್ಲ. ಕೀಲುಗಳಲ್ಲಿ ಊತ, ಬಿಡದ ಜ್ವರ, ಕಾರಣವಿಲ್ಲದೆ ಮೈ ಇಳಿಯುವುದು, ಕೈಕಾಲಿನಲ್ಲಿ ಬಲವೇ ಕುಂದುವುದು, ಮಲಮೂತ್ರಗಳ ಹಿಡಿತ ತಪ್ಪುವುದು, 50 ವಯಸ್ಸು ದಾಟಿದ ಮೇಲೆ ಹೆಗಲು ಸೊಂಟಗಳಲ್ಲಿ ಮೊದಲ ಬಾರಿಗೆ ಬಿಗಿತ ಹುಟ್ಟುವುದು, ಇವುಗಳಲ್ಲಿ ಯಾವುದೊಂದು ಕಂಡರೂ ವಿಳಂಬ ಮಾಡದೆ ವೈದ್ಯರ ಬಳಿಗೆ ಹೋಗಬೇಕು.

ವ್ಯಾಯಾಮ.— ನೋಯುವ ಮೈಗೆ ವಿಶ್ರಾಂತಿಯೇ ಮದ್ದೆಂದು ಲೋಕವು ತಿಳಿಯುತ್ತದೆ. ಈ ರೋಗದಲ್ಲಿ ಅದು ಸಲ್ಲದು. ಯೂರೋಪಿನ ಸಂಧಿರೋಗತಜ್ಞರ ಒಕ್ಕೂಟವು ಆವರೆಗಿನ ಪರೀಕ್ಷೆಗಳನ್ನೆಲ್ಲ ತೂಗಿ 2016ರಲ್ಲಿ ಹೊರಡಿಸಿದ ಶಿಫಾರಸುಗಳಲ್ಲಿ, ಯಾವ ಸಂಶಯವೂ ಇಲ್ಲದೆ ಬಲವಾಗಿ ಸಮ್ಮತಿಸಿದ ಉಪಾಯವು ಒಂದೇ, ಅದು ವ್ಯಾಯಾಮ. ಆದರೆ ಹೇಗೆ ಮಾಡಬೇಕೆಂಬುದರಲ್ಲಿಯೇ ಮರ್ಮವಿದೆ. ನಮ್ಮ ಆಯುರ್ವೇದಾಚಾರ್ಯರು ವ್ಯಾಯಾಮಕ್ಕೆ ಹಾಕಿದ ಗೆರೆಯು ‘ಬಲಾರ್ಧ’. ತನಗಿರುವ ಬಲದಲ್ಲಿ ಅರ್ಧವನ್ನು ಮಾತ್ರ ವ್ಯಯಮಾಡಿ ನಿಲ್ಲಿಸಬೇಕು. ಉಸಿರು ಬಾಯಿಗೆ ಬರತೊಡಗಿದರೆ ಅರ್ಧಬಲವು ಮುಗಿಯಿತೆಂದು ಸುಶ್ರುತನು ಗುರುತನ್ನೂ ಹೇಳಿದ್ದಾನೆ. ಇಂದಿನ ತಜ್ಞರೂ, ನಡೆಯುತ್ತಿರುವಾಗ ಪಕ್ಕದವರೊಡನೆ ಮಾತನಾಡಲು ಆಗುವಷ್ಟೇ ವೇಗವಿರಲಿ ಎನ್ನುತ್ತಾರೆ. ಎರಡು ಮಾತುಗಳ ತಾತ್ಪರ್ಯವೂ ಒಂದೇ.

ಇದನ್ನು ಆಚರಣೆಗೆ ತರುವ ಕ್ರಮವು ಹೀಗೆ. ಮೊದಲ ವಾರ ಪ್ರತಿದಿನವೂ ಐದೇ ನಿಮಿಷ ಸಮನೆಲದ ಮೇಲೆ ನಡೆಯಿರಿ. ಮೈ ಹಗುರವೆನಿಸಿದ ದಿನವೂ ಐದೇ. ಭಾರವೆನಿಸಿದ ದಿನವೂ ಐದೇ. ಮರುದಿನ ನೋವು ಎಂದಿನ ಮಟ್ಟದಲ್ಲಿಯೇ ಇದ್ದರೆ ಮುಂದಿನ ವಾರ ಒಂದೆರಡು ನಿಮಿಷ ಸೇರಿಸಿ. ಮರುದಿನ ನೋವು ಬಹಳವಾಗಿ ಏರಿದರೆ ಅರ್ಧಬಲವನ್ನು ಮೀರಿದಿರೆಂದು ತಿಳಿದು ಸ್ವಲ್ಪ ತಗ್ಗಿಸಿ, ಬಿಟ್ಟುಬಿಡಬೇಡಿ. ಹೀಗೆ ನಾಲ್ಕಾರು ತಿಂಗಳಲ್ಲಿ ದಿನಕ್ಕೆ ಅರ್ಧ ಗಂಟೆಯ ನಡಿಗೆಯು ಕೈಗೂಡಿದರೆ ಅದೇ ದೊಡ್ಡ ಲಾಭ. ದಿನಕ್ಕೊಂದು ಶ್ಲೋಕದಂತೆ ಅಮರಕೋಶವನ್ನು ಕಲಿತ ಬಾಲಕನು ವರ್ಷ ತುಂಬುವುದರೊಳಗೆ ಪ್ರಥಮಕಾಂಡವನ್ನು ಒಪ್ಪಿಸಿಬಿಡುತ್ತಾನೆ. ಒಂದೇ ರಾತ್ರಿಯಲ್ಲಿ ನೂರು ಶ್ಲೋಕವನ್ನು ತುರುಕಿಕೊಂಡವನಿಗೆ ಬೆಳಗಾಗುವಾಗ ಹತ್ತೂ ಉಳಿದಿರುವುದಿಲ್ಲ. ಬಹುವರ್ಷ ಪಾಠ ಹೇಳಿದವನಾಗಿ ನಾನು ಕಂಡ ಈ ಸತ್ಯವು ಶರೀರದ ವಿಷಯದಲ್ಲಿಯೂ ಸಲ್ಲುತ್ತದೆ.

ಮನೆಗೆಲಸ.— ಅರ್ಧಬಲದ ನಿಯಮವು ನಡಿಗೆಗಿಂತ ಹೆಚ್ಚಾಗಿ ಅಡಿಗೆಮನೆಗೂ ಹೊಲಕ್ಕೂ ಬೇಕಾದುದು. ಈ ರೋಗವುಳ್ಳ ಗೃಹಿಣಿಗೆ ಬರುವ ಅಪಾಯವು ನೋವಿನ ದಿನದಲ್ಲಲ್ಲ, ಒಳ್ಳೆಯ ದಿನದಲ್ಲಿ. ಎಂದೋ ಒಂದು ಬೆಳಗ್ಗೆ ಮೈ ಹಗುರವಾಗಿರುತ್ತದೆ. ಇಷ್ಟು ದಿನ ನಿಂತ ಕೆಲಸವನ್ನೆಲ್ಲ ಮುಗಿಸಿಬಿಡೋಣವೆಂದು ಹಾಸಿಗೆ ಒಗೆದು, ಅಟ್ಟ ಗುಡಿಸಿ, ಹಿಟ್ಟು ಜರಡಿ ಹಿಡಿದು, ಸಂಜೆಗೆ ನೆಂಟರಿಗೆ ಒಬ್ಬಟ್ಟನ್ನೂ ತಟ್ಟುತ್ತಾಳೆ. ಆಮೇಲೆ ನಾಲ್ಕು ದಿನ ಹಾಸಿಗೆ ಹಿಡಿಯುತ್ತಾಳೆ. ‘ನಿನ್ನೆ ಅಷ್ಟು ಮಾಡಿದವಳಿಗೆ ಇಂದು ಏನು ಬಂತು?’ ಎಂದು ಮನೆಯವರು ಕೇಳುತ್ತಾರೆ. ನಿನ್ನೆ ಅಷ್ಟು ಮಾಡಿದ್ದೇ ಇಂದು ಬಂದಿರುವುದು. ಮಾದಪ್ಪನ ಬೆಟ್ಟಕ್ಕೆ ತಾಳಬೆಟ್ಟದಿಂದ ನಡೆದು ಹತ್ತುವ ಹಳೆಯ ಭಕ್ತರನ್ನು ನೋಡಿ. ದಣಿವು ಬರುವ ಮೊದಲೇ ಕುಳಿತು, ದಣಿವು ಆರಿದೊಡನೆ ಏಳುತ್ತಾರೆ. ಅಂತೆಯೇ ಇಲ್ಲಿಯೂ ಕುಳಿತು ತರಕಾರಿ ಹೆಚ್ಚುವುದು, ತುಂಬಿದ ಕೊಡಕ್ಕೆ ಬದಲಾಗಿ ಅರ್ಧಕೊಡವನ್ನು ಎರಡು ಸಲ ತರುವುದು, ಮುದ್ದೆ ತೊಳಸುವ ಕೆಲಸವನ್ನು ಬಲವುಳ್ಳ ಮತ್ತೊಬ್ಬರಿಗೆ ಬಿಡುವುದು, ಭಾರದ ಕೆಲಸವೊಂದಾದ ಮೇಲೆ ಹಗುರದ ಕೆಲಸವೊಂದನ್ನು ಇಟ್ಟುಕೊಳ್ಳುವುದು ವಿಹಿತ. ಅರಿಸಿನ ಕೀಳುವ, ಬೇಯಿಸುವ ಸುಗ್ಗಿಯಲ್ಲಿ ಕೂಲಿಗೆ ಹೋಗಲೇಬೇಕಾದವರಿಗೆ ಇದು ಸುಲಭವಲ್ಲವೆಂದು ಬಲ್ಲೆನು. ಅಂಥವರು ಬಗ್ಗಿ ಮಾಡುವ ಕೆಲಸದ ನಡುವೆ ಆಗಾಗ ನೆಟ್ಟಗೆ ನಿಂತು ಬೆನ್ನು ಚಾಚುವುದನ್ನಾದರೂ ತಪ್ಪಿಸಬಾರದು; ಅಂದು ಮನೆಯ ಕೆಲಸವನ್ನು ಉಳಿದವರು ಹೊರಬೇಕು.

ನಿದ್ರೆ.— ಆಹಾರ, ನಿದ್ರೆ, ಬ್ರಹ್ಮಚರ್ಯ ಈ ಮೂರನ್ನು ಚರಕನು ಶರೀರವೆಂಬ ಮನೆಗೆ ಊರೆಗಂಬಗಳೆಂದು ಎಣಿಸಿದ್ದಾನೆ. ನಿದ್ರೆಗೂ ನೋವಿಗೂ ಇರುವ ಸಂಬಂಧವನ್ನು 1975ರಲ್ಲಿ ಕೆನಡಾ ದೇಶದ ಟೊರಾಂಟೋ ನಗರದ ಹಾರ್ವೆ ಮೋಲ್ಡಾಫ್‌ಸ್ಕಿ ಎಂಬ ವೈದ್ಯನೂ ಅವನ ಸಹೋದ್ಯೋಗಿಗಳೂ ತೋರಿಸಿಕೊಟ್ಟರು. ಆರೋಗ್ಯವಂತರಾದ ಕೆಲವು ವಿದ್ಯಾರ್ಥಿಗಳನ್ನು ಮಲಗಿಸಿ, ಗಾಢನಿದ್ರೆಗೆ ಇಳಿಯುವಾಗಲೆಲ್ಲ ಸದ್ದು ಮಾಡಿ ಆ ಗಾಢಭಾಗವನ್ನು ಮಾತ್ರ ಕೆಡಿಸಿದರು. ಕೆಲವೇ ರಾತ್ರಿಗಳಲ್ಲಿ ಆ ತರುಣರಿಗೂ ಮೈಕೈ ನೋವು, ಮುಟ್ಟಿದರೆ ನೋಯುವಿಕೆ ತೋರಿಬಂದವು. ಆದಕಾರಣ ನಿದ್ರೆಯನ್ನು ಔಷಧದಂತೆ ಕಾಲಕ್ಕೆ ಸರಿಯಾಗಿ ಸೇವಿಸತಕ್ಕದ್ದು. ಮಲಗುವ ಹೊತ್ತು ಹೇಗೇ ಇರಲಿ, ಏಳುವ ಹೊತ್ತು ದಿನವೂ ಒಂದೇ ಆಗಿರಲಿ. ಮಧ್ಯಾಹ್ನ ಕಣ್ಣು ಎಳೆದರೆ ಇಪ್ಪತ್ತು ನಿಮಿಷಕ್ಕೆ ಮೀರಬೇಡಿ. ಮಧ್ಯಾಹ್ನದೂಟವಾದ ಮೇಲೆ ಕಾಫಿ, ಟೀ ಬೇಡ. ಮಲಗುವ ಕೋಣೆಯಲ್ಲಿ ದೂರದರ್ಶನ, ಮೊಬೈಲು ಬೇಡ. ಗಟ್ಟಿಯಾಗಿ ಗೊರಕೆ ಹೊಡೆದು ನಡುನಡುವೆ ಉಸಿರು ಕಟ್ಟುವವರು ವೈದ್ಯರಿಗೆ ಅದನ್ನು ತಪ್ಪದೆ ತಿಳಿಸಬೇಕು. ಅದು ಬೇರೆಯೇ ರೋಗ, ಅದಕ್ಕೆ ಬೇರೆಯೇ ಚಿಕಿತ್ಸೆಯುಂಟು.

ಎಣ್ಣೆ, ಬಿಸಿನೀರು.— ದೀಪಾವಳಿಗೊಮ್ಮೆ ಮಾತ್ರ ನಾವು ನೆನೆಯುವ ಅಭ್ಯಂಜನವು ಈ ರೋಗಿಗಳಿಗೆ ವಾರಕ್ಕೆ ಒಂದೆರಡು ಸಲ ಹಿತಕರ. ಬೆಚ್ಚಗಿನ ಎಳ್ಳೆಣ್ಣೆಯನ್ನು ಮೃದುವಾಗಿ ಸವರಿ, ಕಾಲು ಗಂಟೆ ಬಿಟ್ಟು, ಹದವಾದ ಬಿಸಿನೀರಿನಲ್ಲಿ ಮೀಯಬೇಕು. ಬಿಸಿನೀರಿನ ಸ್ನಾನದಿಂದ ನೋವು ಸ್ವಲ್ಪಮಟ್ಟಿಗೆ ಇಳಿಯುವುದು ಅನ್ಯದೇಶಗಳ ಪರೀಕ್ಷೆಗಳಲ್ಲಿಯೂ ಕಂಡುಬಂದಿದೆ. ಆದರೆ ಗಂಟು ಬಿಡಿಸುವೆನೆಂದು ಮೊಣಕೈಯಿಂದ ಒತ್ತಿ ತಿಕ್ಕುವವರ ಕೈಗೆ ಮೈಯನ್ನು ಕೊಡಬಾರದು. ಬೆದರಿದ ಕಾವಲಿನವನ ಕಿವಿಯಲ್ಲಿ ನಗಾರಿ ಬಾರಿಸಿದಂತಾಗುತ್ತದೆ. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿದವರು ನೀರಿನ ಬಿಸಿಯನ್ನು ಬೇರೆಯವರಿಂದ ಪರೀಕ್ಷಿಸಿಕೊಳ್ಳಬೇಕು.

ಯೋಗ.— 1933ರಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ನಡೆಸತೊಡಗಿದ ಕಾಲದಿಂದ ನಮ್ಮ ನಾಡಿಗೆ ಯೋಗದ ಕೀರ್ತಿ ಬಂದಿದೆ. ಆದರೆ ಅಲ್ಲಿಂದ ಲೋಕಪ್ರಸಿದ್ಧವಾದ ಚುರುಕಿನ ಆಸನಕ್ರಮಗಳು ಬಲಿಷ್ಠರಾದ ತರುಣರಿಗೆ ತಕ್ಕವು, ನಮ್ಮ ರೋಗಿಗೆ ಆರಂಭದಲ್ಲಿ ತಕ್ಕವಲ್ಲ. ಅಮೆರಿಕದ ಆರೆಗನ್ ಸಂಸ್ಥಾನದಲ್ಲಿ 2010ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ 53 ಮಂದಿ ಹೆಂಗಸರನ್ನು ಎರಡು ಪಂಗಡ ಮಾಡಿ, ಒಂದು ಪಂಗಡಕ್ಕೆ ಎಂಟು ವಾರ ಮೃದುವಾದ ಆಸನ, ಪ್ರಾಣಾಯಾಮ, ಧ್ಯಾನಗಳನ್ನು ಕಲಿಸಿದರು. ಅವರಲ್ಲಿ ನೋವೂ ಆಯಾಸವೂ ತಗ್ಗಿದವು. ಅದೇ ವರ್ಷ ಬಾಸ್ಟನ್ ನಗರದಲ್ಲಿ 66 ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯ ಫಲವೂ ಪ್ರಕಟವಾಯಿತು. ಅಲ್ಲಿ ಚೀನೀಯರ ತಾಯ್‌ಚೀ ಎಂಬ ನಿಧಾನದ ಅಂಗಚಲನೆಯನ್ನು ವಾರಕ್ಕೆರಡು ಸಲ, 12 ವಾರ ಕಲಿತವರು ಬಹಳ ಸುಧಾರಿಸಿದರು. ಹೆಸರು ಯಾವುದಾದರೂ ಇರಲಿ, ನಿಧಾನ, ಉಸಿರಿನ ಕಡೆಗೆ ಗಮನ, ನಿತ್ಯಾಭ್ಯಾಸ, ಇವು ಮೂರು ಇದ್ದರೆ ಸಾಕು. ಮನೆಯಲ್ಲಿ ತಾಡಾಸನ, ಮಾರ್ಜಾಲಾಸನಗಳಂತಹ ಸುಲಭವಾದ ನಾಲ್ಕಾರು ಆಸನಗಳು, ಐದು ನಿಮಿಷ ನಾಡೀಶೋಧನ, ಹತ್ತು ನಿಮಿಷ ಶವಾಸನ, ಇಷ್ಟನ್ನು ತಿಳಿದವರ ಮುಂದೆ ಕಲಿತು ಮಾಡಿದರೆ ಒಳ್ಳೆಯದು.

ಆಹಾರ ಮತ್ತು ಅರಿಸಿನ.— ಈ ರೋಗಕ್ಕೆಂದೇ ಸಿದ್ಧವಾದ ಪಥ್ಯವೊಂದಿಲ್ಲ. ರಾಗಿ, ಹುರುಳಿ, ಅವರೆ, ಸೊಪ್ಪು, ಮಜ್ಜಿಗೆ, ಕಾಲದ ಹಣ್ಣು ಇವುಳ್ಳ ನಮ್ಮ ಸೀಮೆಯ ಊಟವನ್ನು ಹೊತ್ತಿಗೆ ಸರಿಯಾಗಿ ಮಿತವಾಗಿ ಉಣ್ಣುವುದೇ ಪಥ್ಯ. ಸ್ಥೂಲಶರೀರವುಳ್ಳವರು ಭಾರ ಇಳಿಸಿದರೆ ನೋವು ಕಡಿಮೆಯಾಗುತ್ತದೆ. ನಮ್ಮ ಜಿಲ್ಲೆಯು ಅರಿಸಿನದ ಬೆಳೆಗೆ ಹೆಸರಾದದ್ದು. ಆದುದರಿಂದ ಅರಿಸಿನದ ಮಾತನ್ನು ಬಿಡಲಾರೆನು. ಸಾರಿಗೆ, ಹಾಲಿಗೆ ಒಂದು ಚಿಟಿಕೆ ಹಾಕುವುದರಿಂದ ಯಾವ ಹಾನಿಯೂ ಇಲ್ಲ. ಆದರೆ ಅದರಿಂದ ಈ ರೋಗವು ಗುಣವಾಗುವುದೆಂದು ಪರೀಕ್ಷೆಯಿಂದ ಸ್ಥಿರಪಟ್ಟಿಲ್ಲ. ಅರಿಸಿನದ ಸಾರವನ್ನು ಕರಿಮೆಣಸಿನ ಸತ್ತ್ವದೊಡನೆ ಸೇರಿಸಿ ಮಾರುವ ಗುಳಿಗೆಗಳಿಂದ ಕೆಲವರ ಯಕೃತ್ತಿಗೆ ಅಪಾಯವಾದುದು ವರದಿಯಾಗಿದೆ. 2019ರಲ್ಲಿ ಇಟಲಿ ದೇಶದ ಅಧಿಕಾರಿಗಳು ಈ ಬಗ್ಗೆ ಎಚ್ಚರಿಕೆಯನ್ನು ಹೊರಡಿಸಿದರು. ಅಡಿಗೆಮನೆಯಲ್ಲಿ ಅಮೃತವಾದುದು ಗುಳಿಗೆಯಲ್ಲಿಯೂ ಅಮೃತವೇ ಆಗಿರಬೇಕೆಂಬ ನಿಯಮವಿಲ್ಲ.

ಔಷಧದ ಎಚ್ಚರಿಕೆ.— ‘ನೈಸರ್ಗಿಕ’ವೆಂಬ ಮಾತಿನ ಮರೆಯಲ್ಲಿ ಬಹಳ ಮೋಸ ನಡೆಯುತ್ತದೆ. ಜಾತ್ರೆಗಳಲ್ಲಿ, ಬಸ್ ನಿಲ್ದಾಣಗಳಲ್ಲಿ ಹೆಸರಿಲ್ಲದ ಪುಡಿಯನ್ನು ಕೊಂಡು, ಎರಡೇ ದಿನದಲ್ಲಿ ನೋವು ಹೋಯಿತೆಂದು ಬೆರಗಾದರೆ, ಅದರಲ್ಲಿ ಸ್ಟೀರಾಯ್ಡ್ ಬೆರೆತಿರಬಹುದೆಂದು ಶಂಕಿಸಬೇಕು. ಅಂತರಜಾಲದಲ್ಲಿ ಮಾರುತ್ತಿದ್ದ 193 ಆಯುರ್ವೇದ ಔಷಧಗಳನ್ನು ಅಮೆರಿಕದ ವೈದ್ಯರು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಫಲದಂತೆ, ಸುಮಾರು ಐದರಲ್ಲಿ ಒಂದು ಪಾಲಿನಲ್ಲಿ ಸೀಸ, ಪಾದರಸ ಅಥವಾ ಪಾಷಾಣದ ಅಂಶವಿತ್ತು. ಇದು ಶಾಸ್ತ್ರದ ನಿಂದೆಯಲ್ಲ; ವ್ಯಾಪಾರದ ವಿಷಯ. ವಿದ್ಯಾವಂತನಾದ ವೈದ್ಯನ ಕೈಯಿಂದಲ್ಲದೆ ರಸೌಷಧಗಳನ್ನು ಮುಟ್ಟತಕ್ಕದ್ದಲ್ಲ. ಇನ್ನು ಅಂಗಡಿಯಲ್ಲಿ ಕೊಂಡು ದಿನವೂ ನುಂಗುವ ನೋವಿನ ಮಾತ್ರೆಗಳು ಈ ರೋಗದಲ್ಲಿ ಹೆಚ್ಚು ಫಲ ಕೊಡುವುದಿಲ್ಲ. ಹೊಟ್ಟೆಯನ್ನೂ ಮೂತ್ರಪಿಂಡವನ್ನೂ ಮಾತ್ರ ಕೆಡಿಸಬಲ್ಲವು. ಹಾಗೆಂದು ವೈದ್ಯರು ಆಲೋಚಿಸಿ ಬರೆದುಕೊಟ್ಟ ಔಷಧವನ್ನು ತಾವಾಗಿಯೇ ನಿಲ್ಲಿಸಬಾರದು. ನರಗಳ ಅತಿಜಾಗೃತಿಯನ್ನು ತಗ್ಗಿಸುವ, ನಿದ್ರೆಗೆ ಸಹಾಯಮಾಡುವ ಔಷಧಗಳುಂಟು. ‘ಇದು ಖಿನ್ನತೆಗೆ ಕೊಡುವ ಮಾತ್ರೆಯಂತೆ, ನನಗೇನು ಹುಚ್ಚೆ?’ ಎಂದು ಕೆಲವರು ಬಿಸುಡುತ್ತಾರೆ. ಅದೇ ಮಾತ್ರೆಯು ನೋವಿನ ನರಮಾರ್ಗದ ಮೇಲೂ ಕೆಲಸಮಾಡುತ್ತದೆಂಬುದನ್ನು ತಿಳಿದಿರಬೇಕು.

ಮನೆಯವರ ಕರ್ತವ್ಯ.— ಇಷ್ಟು ಹೊತ್ತು ರೋಗಿಗೆ ಹೇಳಿದ್ದಾಯಿತು. ಮುಂದಿನ ಮಾತು ಯಜಮಾನರಿಗೂ ಅತ್ತೆಯವರಿಗೂ ಮಕ್ಕಳಿಗೂ ಸೇರಿದ್ದು. ಈ ರೋಗಕ್ಕೆ ಮನೆಯಲ್ಲಿ ಮಾಡುವ ಔಷಧಗಳಲ್ಲಿ ಮೊದಲನೆಯದು ನಂಬಿಕೆ. ಪರೀಕ್ಷೆಯ ಕಾಗದದಲ್ಲಿ ದೋಷವಿಲ್ಲವೆಂದು ಬರೆದಿದ್ದರೆ, ರಕ್ತದಲ್ಲಿ ದೋಷವಿಲ್ಲವೆಂದು ಅರ್ಥವೇ ಹೊರತು ನೋವಿಲ್ಲವೆಂದು ಅರ್ಥವಲ್ಲ. ದಿನವಿಡೀ ತನ್ನ ನೋವನ್ನು ಸಾಧಿಸಿ ತೋರಿಸಬೇಕಾದವಳು ಅದನ್ನು ಮರೆಯುವುದೆಂದು? ನಂಬದ ಮನೆಯಲ್ಲಿ ಅವಳು ಎರಡರಲ್ಲೊಂದು ದಾರಿ ಹಿಡಿಯುತ್ತಾಳೆ: ಸೋಮಾರಿಯೆನಿಸಿಕೊಳ್ಳಬಾರದೆಂದು ಬಲ ಮೀರಿ ದುಡಿದು ಕೆಡುತ್ತಾಳೆ, ಇಲ್ಲವೆ ಮಾತನ್ನೇ ಬಿಟ್ಟು ಮೂಲೆ ಸೇರುತ್ತಾಳೆ. ಅರ್ಧಬಲದ ನಿಯಮವನ್ನು ಅವಳೊಬ್ಬಳೇ ಪಾಲಿಸಲಾರಳು. ಅವಳು ಬಿಟ್ಟ ಉಳಿದರ್ಧ ಕೆಲಸವನ್ನು ಯಾರಾದರೂ ಎತ್ತಿಕೊಂಡರಲ್ಲವೆ ಅವಳು ಅರ್ಧಕ್ಕೆ ನಿಲ್ಲಿಸಬಲ್ಲಳು? ‘ಇಂದು ನೋವು ಹೇಗಿದೆ?’ ಎಂದು ಗಳಿಗೆಗಳಿಗೆಗೂ ಕೇಳುವುದೂ ಒಳ್ಳೆಯದಲ್ಲ. ‘ಸ್ವಲ್ಪ ಹೊತ್ತು ನಡೆದು ಬರೋಣವೆ?’ ಎಂದು ಕೇಳಿ ಜೊತೆಗೆ ಹೊರಡುವುದು ಒಳ್ಳೆಯದು. ಅತ್ತೆಗೆ ಈ ರೋಗವಿದ್ದು ಸೊಸೆ ನಂಬದಿರುವ ಮನೆಗಳೂ ಉಂಟು, ಸೊಸೆಗೆ ಇದ್ದು ಅತ್ತೆ ನಂಬದ ಮನೆಗಳೂ ಉಂಟು. ನಿಯಮವು ಇಬ್ಬರಿಗೂ ಒಂದೇ.

ಕಡೆಯದಾಗಿ ಫಲದ ವಿಚಾರ. ಈ ರೋಗವು ಪ್ರಾಣಕ್ಕೆ ಎರವಾಗುವುದಿಲ್ಲ, ಕೀಲುಗಳನ್ನು ವಿಕಾರಗೊಳಿಸುವುದಿಲ್ಲ. ಬೇರುಸಹಿತ ಕಿತ್ತುಹಾಕುವ ಮದ್ದು ಇದುವರೆಗೆ ದೊರೆತಿಲ್ಲ. ಹಾಗೆ ದೊರೆತಿದೆಯೆಂದು ಹೇಳಿ ಹಣ ಕೇಳುವವರನ್ನು ನಂಬಬೇಡಿ. ಆದರೆ ಕ್ರಮವಾಗಿ ನಡೆದುಕೊಂಡವರಲ್ಲಿ ಬಹಳ ಮಂದಿಗೆ ನೋವು ಇಳಿದು, ನಿದ್ರೆ ಕೂಡಿ, ಮನೆಗೆಲಸವೂ ಹಬ್ಬಹುಣ್ಣಿಮೆಯೂ ಮತ್ತೆ ಕೈಗೆ ಬರುತ್ತವೆ. ವಾರಗಳಲ್ಲಲ್ಲ, ತಿಂಗಳುಗಳಲ್ಲಿ. ಒಂದು ಪುಸ್ತಕದಲ್ಲಿ ದಿನಕ್ಕೆ ಮೂರು ಅಂಕಗಳನ್ನು ಬರೆದಿಡಿ: ಎಷ್ಟು ನಿಮಿಷ ನಡೆದಿರಿ, ಎಷ್ಟು ಗಂಟೆ ಮಲಗಿದಿರಿ, ಹತ್ತರಲ್ಲಿ ನೋವು ಎಷ್ಟು. ನಿನ್ನೆಯೊಡನೆ ಇಂದನ್ನು ಹೋಲಿಸಬೇಡಿ. ಯುಗಾದಿಯಲ್ಲಿ ಬರೆದುದನ್ನು ಗೌರಿಹಬ್ಬದಲ್ಲಿ ತೆರೆದು ನೋಡಿ. ಮೊದಲ ವಾರ ದಿನಕ್ಕೆ ಐದು ನಿಮಿಷ. ಹೆಚ್ಚೂ ಬೇಡ, ಕಡಿಮೆಯೂ ಬೇಡ, ಬಿಡುವುದಂತೂ ಬೇಡವೇ ಬೇಡ. ಮೊದಲ ವಾರದ ಆ ಐದು ನಿಮಿಷಕ್ಕೆ ಮನೆಯವರಲ್ಲಿ ಒಬ್ಬರು ಜೊತೆಯಾಗಲಿ.